ಕತ್ತರಿಗೆ ಮೊದಲು ಮಡಿಕೆ

ಮಗಳೇ, ಬೆಳಗಿನ ಚಳಿಯಲ್ಲಿ ಬಸ್ಸು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನಮ್ಮ ಹೊಸೂರು, ತಳಿ, ಕೆಲಮಂಗಲ, ದೇಂಕಣಿಕೋಟೆ ಕಡೆಯ ಹೆಣ್ಣುಮಕ್ಕಳಿಗೆಲ್ಲ ಹೇಳಬೇಕೆಂದುಕೊಂಡ ಮಾತಿದು. ನಿನಗೆ ಹೇಳುತ್ತೇನೆ, ನೀನು ಉಳಿದವರಿಗೆ ಹೇಳು. ನಿನ್ನ ಕೈಗೆ ಒಳ್ಳೆಯ ವೇಗ ಬಂದಿದೆ. ಮಿಷನ್ನಿನ ಸದ್ದು ಕೇಳಿಯೇ ದಾರ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಹೇಳಬಲ್ಲೆ. ಆದರೆ ಲೈನಿನಲ್ಲಿ ಒಬ್ಬಳು ಜೇಬು ಕೂರಿಸುತ್ತಾಳೆ, ಇನ್ನೊಬ್ಬಳು ತೋಳು ಸೇರಿಸುತ್ತಾಳೆ, ಮತ್ತೊಬ್ಬಳು ಜಾಕೆಟ್ಟಿನ ಕುತ್ತಿಗೆಗೆ ಟೋಪಿ ಜೋಡಿಸುತ್ತಾಳೆ. ವರ್ಷಗಟ್ಟಲೆ ಹೊಲಿದರೂ ಒಂದು ಇಡೀ ಉಡುಪು ಒಬ್ಬಳ ಕೈಯಲ್ಲಿ ಹುಟ್ಟುವುದಿಲ್ಲ. ಆ ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಆ ಸಂಬಳದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಅದರ ಜೊತೆಗೇ ಒಂದು ಉಡುಪನ್ನಾದರೂ ಬಟ್ಟೆ ಆರಿಸುವುದರಿಂದ ಹಿಡಿದು ಕೊನೆಯ ಗಂಟಿನ ತನಕ ಪೂರ್ತಿಯಾಗಿ ಕಲಿ. ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ, ಎಳೆಗೂಸಿಗೆ ತಲೆಯಿಂದ ಬೆನ್ನಿನವರೆಗೆ ಒಂದೇ ಬಟ್ಟೆಯಲ್ಲಿ ಹೊದಿಸುವ ಕುಂಚಿಗೆಯಿಂದ ಶುರು ಮಾಡು ಎನ್ನುತ್ತೇನೆ. ಅದಕ್ಕೂ ಮೊದಲು ಅದರ ಹಿರಿಯಕ್ಕನಾದ ಕಂಬಳಿ ಕೊಪ್ಪೆಯನ್ನು ತಿಳಿದುಕೋ.

ನಮ್ಮ ಸೀಮೆಗೆ ಈ ಉಡುಪು ಯಾಕೆ ಬೇಕಾಯಿತು ಎಂಬುದಕ್ಕೆ ನೆಲವೇ ಉತ್ತರ ಕೊಡುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾಯಕೋಟೆ ಘಟ್ಟ ಇಳಿದು ಕೃಷ್ಣಗಿರಿ ಕಡೆಗೆ ಹೋದರೆ ಬಿಸಿಲು, ಮೇಲೆ ತಳಿ, ಜವಳಗಿರಿಯ ಕಡೆಗೆ ಹೋದರೆ ಮಂಜು. ಇಲ್ಲಿ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಇಬ್ಬನಿ ಬಿದ್ದು ಹೊಲವೆಲ್ಲ ಒದ್ದೆಯಾಗಿರುತ್ತದೆ. ಅದೇ ಹೊತ್ತಿಗೆ ರಾಗಿ ತೆನೆ ಬಲಿತು ಕಾಡಿನ ಕಡೆಯಿಂದ ಆನೆಗಳು ಬರುತ್ತವೆ. ಹೊಲದವರು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕೂರಬೇಕು. ಕುರಿ ಮಂದೆ ಹಾಕಿದವನು ಬಯಲಲ್ಲೇ ಮಲಗಬೇಕು. ನಸುಕಿನಲ್ಲಿ ಹೂ ಬಿಡಿಸುವವರು ಕೈ ಕಟ್ಟಿಕೊಂಡು ನಿಲ್ಲುವಂತಿಲ್ಲ. ಕೊಡೆ ಹಿಡಿದರೆ ಒಂದು ಕೈ ಹೋಯಿತು. ತಲೆ, ಕಿವಿ, ಹೆಗಲು, ಬೆನ್ನು ನಾಲ್ಕನ್ನೂ ಮುಚ್ಚಿ ಎರಡು ಕೈಯನ್ನೂ ಕೆಲಸಕ್ಕೆ ಬಿಡುವ ಉಡುಪು ಬೇಕಿತ್ತು. ಅದೇ ಕೊಪ್ಪೆ.

ಕೊಪ್ಪೆಯ ಮೂಲ ಕಂಬಳಿ. ನಮ್ಮ ಸುತ್ತಿನ ಕುರುಬರ ಮನೆಗಳಲ್ಲಿ ಅದು ಬರಿಯ ಹೊದಿಕೆಯಾಗಿರಲಿಲ್ಲ. ಹಾಲುಮತದವರಾದ ಅವರಿಗೆ ಕರಿ ಕಂಬಳಿ ಪೂಜೆಯ ವಸ್ತು. ಅದನ್ನು ಹಾಸಿ ಗದ್ದುಗೆ ಮಾಡುತ್ತಾರೆ. ಅದು ತಯಾರಾಗುವ ಬಗೆಯನ್ನು ನೀನು ತಿಳಿದಿರಬೇಕು, ಯಾಕೆಂದರೆ ಹೊಲಿಯುವವಳಿಗೆ ಬಟ್ಟೆಯ ಹುಟ್ಟು ಗೊತ್ತಿರಬೇಕು. ಕುರಿಯ ಉಣ್ಣೆ ಕತ್ತರಿಸಿ, ಬಿಡಿಸಿ, ಬಿಲ್ಲಿನಿಂದ ಹಿಂಜಿ ಹದ ಮಾಡುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲು ತೆಗೆಯುತ್ತಾರೆ. ಮಗ್ಗದ ಹಾಸಿಗೆಂದು ಉದ್ದಕ್ಕೆ ಎಳೆದ ನೂಲಿಗೆ ಹುಣಸೆ ಬೀಜದ ಗಂಜಿ ಸವರುತ್ತಾರೆ. ಇಲ್ಲದಿದ್ದರೆ ಒರಟು ಎಳೆಗಳು ಒಂದಕ್ಕೊಂದು ತೊಡರಿ ಮಗ್ಗದಲ್ಲಿ ಹರಿಯುತ್ತವೆ. ಆಮೇಲೆ ಗುಣಿ ಮಗ್ಗದಲ್ಲಿ ನೇಯ್ಗೆ. ಕರಿ ಕುರಿಯ ಉಣ್ಣೆಗೆ ಬಣ್ಣವೂ ಬೇಡ. ಮರಿಯ ಮೊದಲ ಸಲದ ಉಣ್ಣೆ ಎಲ್ಲಕ್ಕಿಂತ ಮೃದು, ಅದರ ಕಂಬಳಿಗೆ ಬೆಲೆಯೂ ಹೆಚ್ಚು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದ ಬರಹದಲ್ಲಿ ಕುರುಬರ ಕಂಬಳಿ ನೇಯ್ಗೆಯನ್ನು ದಾಖಲಿಸಿದ್ದಾನೆ.

ಅದಕ್ಕೂ ಸ್ವಲ್ಪ ಮೊದಲು, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ, ಕೃಷ್ಣಗಿರಿಯನ್ನು ಒಳಗೊಂಡ ಬಾರಾಮಹಲು ಟಿಪ್ಪುವಿನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಗಿತ್ತು. ಆಮೇಲೆ ನಮ್ಮ ಕಡೆ ಮೊದಲು ಸೇಲಂ ಜಿಲ್ಲೆ, ಮುಂದೆ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಕಚೇರಿ ಬದಲಾಯಿತು, ಭಾಷೆಯ ಬೋರ್ಡು ಬದಲಾಯಿತು. ಕುರಿ ಕಾಯುವವನ ಹೆಗಲ ಮೇಲಿನ ಕಂಬಳಿಗೆ ಗಡಿ ಇರಲಿಲ್ಲ. ಆನೇಕಲ್ಲಿನಲ್ಲೂ ಅದೇ, ತಳಿಯಲ್ಲೂ ಅದೇ. ಕನ್ನಡ ಆಡುವವನೂ ತೆಲುಗು ಆಡುವವನೂ ತಮಿಳು ಆಡುವವನೂ ಮಳೆಗೆ ಅದನ್ನೇ ಹೊದ್ದರು. ಸಮುದ್ರ ದಾಟಿ ಸಿಲೋನಿನ ಕಾಫಿ, ಟೀ ತೋಟಗಳಿಗೆ ದುಡಿಯಲು ಹೋದ ದಕ್ಷಿಣದ ಕೂಲಿಗಳ ಬೆನ್ನ ಮೇಲೂ ಕಂಬಳಿಯೇ ಇತ್ತು. ತೋಟದವರು ಕಂಬಳಿ ಕೊಟ್ಟು ಅದರ ಬೆಲೆಯನ್ನು ಕೂಲಿಯಲ್ಲೇ ಹಿಡಿದುಕೊಳ್ಳುತ್ತಿದ್ದರು. ಬಡವರ ಈ ಉಡುಪಿನ ಹಿಂದೆ ಅಂಥ ದುಡಿಮೆಯ ಚರಿತ್ರೆ ಇದೆ ಎಂಬುದು ನಿನಗೆ ಗೊತ್ತಿರಲಿ.

ಅರಮನೆಯವರ ತಲೆಯುಡುಪಿಗೆ ಚಿತ್ರಗಳಿವೆ. ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋದರೆ ತಲೆ ಎತ್ತಿ ನೋಡು. 16ನೇ ಶತಮಾನದ ಚಾವಣಿ ಚಿತ್ರಗಳಲ್ಲಿ ವಿಜಯನಗರದ ದೊಡ್ಡ ಮನುಷ್ಯರು ಕುಲ್ಲಾಯಿ ಎಂಬ ಎತ್ತರದ ಟೋಪಿ ಹಾಕಿ ನಿಂತಿದ್ದಾರೆ. ಕುರಿ ಕಾಯುವವನ ಕೊಪ್ಪೆಗೆ ಅಂಥ ಚಾವಣಿ ಸಿಗಲಿಲ್ಲ. ಅದು ಉಳಿದಿರುವುದು ಕೈಯಿಂದ ಕೈಗೆ ಬಂದ ಮಡಿಕೆಯಲ್ಲಿ ಮಾತ್ರ. ಅದಕ್ಕೇ ಕಲಿಯುವವರು ಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು. ಚಿತ್ರವಿಲ್ಲದ ಕೌಶಲ ಕೈ ತಪ್ಪಿದರೆ ಹುಡುಕಲು ಗೋಡೆಯೂ ಇರುವುದಿಲ್ಲ.

ಈಗ ಮಡಿಕೆಯ ಮಾತು. ಒಂದು ಕಂಬಳಿ ತೆಗೆದುಕೋ, ಉದ್ದಕ್ಕೆ ಎರಡಾಗಿ ಮಡಿಸು. ಮಡಿಕೆ ಬೆನ್ನಿನ ಕಡೆಗೆ ಬರಬೇಕು, ಎರಡು ಬಿಡಿ ಅಂಚು ಮುಂದಕ್ಕೆ. ಮೇಲಿನ ಗಿಡ್ಡ ಅಂಚಿನ ಎರಡು ಪದರವನ್ನು ಸೇರಿಸಿ ದಬ್ಬಣದಲ್ಲಿ ನಾಲ್ಕು ಹೊಲಿಗೆ ಹಾಕಿದರೆ ತಲೆಗೆ ಗೂಡು ಸಿದ್ಧ. ಕಂಬಳಿ ಉದ್ದ ಹೆಚ್ಚಾದರೆ ಮೇಲ್ತುದಿಯನ್ನು ಮೊದಲೇ ಒಳಕ್ಕೆ ಮಡಿಸಿಕೋ. ತಲೆಗೂ ಹೆಗಲಿಗೂ ಎರಡು ಪದರ ಬೀಳುತ್ತದೆ, ಮಳೆ ಹೆಚ್ಚು ಹೊಡೆಯುವುದೂ ಅಲ್ಲಿಗೇ. ಕತ್ತರಿ ಎಲ್ಲೂ ಬೇಕಾಗಲಿಲ್ಲ, ನೋಡು. ರಾತ್ರಿ ಹೊಲಿಗೆ ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. ಸಂತೆಗೆ ಹೋದಾಗ ಅದರಲ್ಲೇ ಕಾಳು ಕಟ್ಟಿ ತರಬಹುದು. ಕಂಬಳಿ ಇಲ್ಲದವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ದಬ್ಬಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೂ ಹಾಗೇ ಮಾಡುತ್ತಾರೆ. ಬಟ್ಟೆ ಬದಲಾದರೂ ಮಡಿಕೆ ಬದಲಾಗಿಲ್ಲ.

ಇದನ್ನು ಸಣ್ಣದೆಂದು ತಿಳಿಯಬೇಡ. ನೇಯ್ದವನು ಎಳೆ ಎಳೆಯಾಗಿ ಕಟ್ಟಿದ್ದನ್ನು ಕತ್ತರಿ ಒಂದು ಗಳಿಗೆಯಲ್ಲಿ ಬಿಡಿಸಿಬಿಡುತ್ತದೆ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ, ಅದನ್ನು ಕಾಯಲು ಮತ್ತೊಂದು ಹೊಲಿಗೆ ಬೇಕು, ತುಂಡು ಬಟ್ಟೆ ಕಸಕ್ಕೆ ಹೋಗುತ್ತದೆ. ಹಳಬರು ಇಡೀ ಬಟ್ಟೆಯನ್ನು ಇಡಿಯಾಗಿಯೇ ಉಳಿಸಿಕೊಂಡು ಮೈಗೆ ಹೊಂದಿಸಿದರು. ಈ ಬುದ್ಧಿ ನಮ್ಮವರಿಗೆ ಮಾತ್ರ ಬಂದದ್ದಲ್ಲ. ಉತ್ತರ ಆಫ್ರಿಕಾದ ಬರ್ಬರ್ ಹೆಂಗಸರು ನೇರ ನಿಲ್ಲಿಸಿದ ಮಗ್ಗದಲ್ಲಿ ಬರ್ನೂಸ್ ಎಂಬ ಉಣ್ಣೆಯ ಮೇಲುಡುಪನ್ನು ತಲೆಗೂಡಿನ ಸಮೇತ ಒಂದೇ ಬಟ್ಟೆಯಾಗಿ ನೇಯುತ್ತಿದ್ದರು. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 301ರಲ್ಲಿ ಹೊರಡಿಸಿದ ಬೆಲೆಪಟ್ಟಿಯಲ್ಲಿ ಬೇರೆ ಬೇರೆ ನಾಡುಗಳ ತಲೆಗೂಡಿನ ಉಣ್ಣೆ ಹೊದಿಕೆಗಳಿಗೆ ಬೇರೆ ಬೇರೆ ದರ ಇತ್ತು. ಅಂದರೆ ಆಗಲೇ ಅವು ದೂರದ ಊರುಗಳಿಗೆ ಮಾರಾಟವಾಗುವ ಸರಕು. ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಕಿನ್‌ಸೇಲ್ ಎಂಬ ಊರಿನ ಹೆಸರಿನ ಉದ್ದನೆಯ ಕಪ್ಪು ಮೇಲುಡುಪು ತಾಯಿಯಿಂದ ಮಗಳಿಗೆ ಬರುತ್ತಿತ್ತು. ಚಳಿ, ಮಳೆ ಇರುವ ಊರಿನ ದುಡಿಯುವ ಜನ ಎಷ್ಟೋ ಕಡೆ ಇಂಥದೊಂದು ಉಡುಪಿಗೆ ಬಂದು ತಲುಪಿದ್ದಾರೆ. ನೀನು ಮಾಡುವ ಜಾಕೆಟ್ಟಿನ ಟೋಪಿಯೂ ಆ ದೊಡ್ಡ ಮನೆತನದ್ದೇ.

ಉಣ್ಣೆಯೇ ಯಾಕೆ ಎಂಬುದನ್ನೂ ತಿಳಿದುಕೋ. ಉಣ್ಣೆಯ ಎಳೆ ತನ್ನ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ನೂರಕ್ಕೆ ಮೂವತ್ತು ಅಂದರೆ ಸಣ್ಣ ಮಾತಲ್ಲ. ಹೀರುವಾಗ ಒಂದಿಷ್ಟು ಬಿಸಿಯನ್ನೂ ಬಿಡುತ್ತದೆ. ಕುರಿಯ ಮೈಯ ಜಿಡ್ಡು ಎಳೆಯಲ್ಲಿ ಉಳಿದಿದ್ದರೆ ಸಣ್ಣ ಮಳೆಹನಿ ಜಾರಿಹೋಗುತ್ತದೆ. ಅದಕ್ಕೇ ಕಂಬಳಿಯನ್ನು ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ತಿಕ್ಕಬಾರದು. ಬಿಸಿಲಿಗೆ ಹರವಿ, ಕೊಡವಿ, ಬೇಕೇ ಆದಾಗ ತಣ್ಣೀರಲ್ಲಿ ಮೆಲ್ಲಗೆ ಅದ್ದಿ ತೆಗೆದರೆ ಸಾಕು. ಅಂಗಡಿಯಲ್ಲಿ ಕಂಬಳಿ ಎಂದು ಕೊಡುವುದೆಲ್ಲ ಉಣ್ಣೆಯಲ್ಲ. ಪಾಣಿಪತ್ತಿನಿಂದ ಹಳೇ ಬಟ್ಟೆಯ ನೂಲಲ್ಲಿ, ಸಿಂಥೆಟಿಕ್ ನೂಲಲ್ಲಿ ಮಾಡಿದ ಹೊದಿಕೆಗಳು ಲಾರಿಗಟ್ಟಲೆ ಬರುತ್ತವೆ. ಅಂಚಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಗುಳಿಗೆಯಾದರೆ ಪ್ಲಾಸ್ಟಿಕ್ ನೂಲು. ಬೆಂಕಿಯ ಹತ್ತಿರ ಕೂತು ಕಾವಲು ಕಾಯುವವನಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ.

ಇನ್ನು ಕುಂಚಿಗೆ. ಕೊಪ್ಪೆಯ ಮಡಿಕೆಯನ್ನೇ ಎಳೆಗೂಸಿನ ಅಳತೆಗೆ ಇಳಿಸಿದರೆ ಕುಂಚಿಗೆಯಾಗುತ್ತದೆ. ಕುಲಾವಿ ತಲೆಯನ್ನಷ್ಟೇ ಮುಚ್ಚುತ್ತದೆ; ಕುಂಚಿಗೆ ತಲೆಯಿಂದ ಇಳಿದು ಬೆನ್ನನ್ನೂ ಕಾಯುತ್ತದೆ. ಹುಟ್ಟಿದ ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಮೈಬಿಸಿ ಅಲ್ಲಿಂದ ಬೇಗ ಹೋಗುತ್ತದೆ. ಹಾಗಾಗಿ ಚಳಿಯಲ್ಲಿ ಹೊರಗೆ ಕರೆದೊಯ್ಯುವಾಗ ತಲೆ, ಕಿವಿ, ಕುತ್ತಿಗೆಯ ಹಿಂಭಾಗ ಒಟ್ಟಿಗೆ ಮುಚ್ಚಿದರೆ ಒಳ್ಳೆಯದು. ಉತ್ತರ ಕರ್ನಾಟಕದಲ್ಲಿ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ, ಗೊಂಡೆ ಕಟ್ಟಿ, ಮಿಂಚು ಹಚ್ಚಿ ಬಲು ಚೆಂದದ ಕುಂಚಿಗೆ ಹೊಲಿಯುತ್ತಾರೆ. ನಮ್ಮ ಕಡೆಯ ಬಡವರ ಮನೆಗೆ ಅಜ್ಜಿಯ ಹಳೇ ಸೀರೆಯೇ ಖಣ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ಹಿರಿಯರು ಗಾದೆಯಲ್ಲೇ ಎಚ್ಚರಿಸಿದ್ದಾರೆ. ಹುಟ್ಟಿದ ಕೂಸುಗಳು ಉಳಿಯುವ ಭರವಸೆ ಕಡಿಮೆ ಇದ್ದ ಕಾಲದಲ್ಲಿ ಆ ಮಾತಿನ ಹಿಂದೆ ನೋವಿತ್ತು. ಕೂಸು ಬಂದ ಮೇಲೆಯೇ ಹೊಲಿಯಬೇಕಾದ್ದರಿಂದ ಒಂದು ಸಂಜೆಗೆ ಮುಗಿಯುವಂಥ ಉಡುಪು ಬೇಕಾಯಿತು. ಕುಂಚಿಗೆ ಇಷ್ಟು ಸರಳವಾಗಿರುವುದಕ್ಕೆ ಅದೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಆ ರೂಢಿಯನ್ನು ಗೌರವಿಸುವ ಮನೆಯಾದರೆ ಬಟ್ಟೆಯನ್ನು ಒಗೆದು ಮಡಿಸಿಡು, ಹೊಲಿಗೆ ಮಾತ್ರ ಆಮೇಲೆ ಹಾಕು. ಯಾರ ಮನಸ್ಸನ್ನೂ ನೋಯಿಸಬೇಕಾಗಿಲ್ಲ.

ಬಟ್ಟೆಗೆ ಹಳೆಯ ಹತ್ತಿ ಸೀರೆ ಅಥವಾ ಪಂಚೆ ಆರಿಸು. ನೂರು ಸಲ ಒಗೆಸಿಕೊಂಡ ಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಕುಗ್ಗುವುದು ಬಾಕಿ ಇರುವುದಿಲ್ಲ, ಹೊಸ ಬಣ್ಣ ಬಿಡುವ ಭಯವಿಲ್ಲ. ಸವೆದು ತೆಳುವಾದ ಜಾಗ ಬಿಟ್ಟು ಗಟ್ಟಿ ಇರುವ ಕಡೆ ತೆಗೆದುಕೋ. ಬೆಳಕಿಗೆ ಹಿಡಿದರೆ ಎಲ್ಲಿ ಸವೆದಿದೆ ಎಂದು ಕಾಣುತ್ತದೆ. ಚಳಿ ಹೆಚ್ಚಿದ್ದರೆ ಎರಡು ಪದರ ಮಾಡು. ಉಣ್ಣೆ ಹಾಕಬೇಕೆನಿಸಿದರೆ ಹೊರಗೆ ಉಣ್ಣೆ, ಒಳಗೆ ಹತ್ತಿ. ಒರಟು ಉಣ್ಣೆ ಕೂಸಿನ ಕೆನ್ನೆಗೆ ತಾಗಬಾರದು.

ಅಳತೆ ಹೀಗೆ. ಅಗಲ 18 ಇಂಚು, ಅಂದರೆ ಒಂದು ಮೊಳ. ಉದ್ದ 27 ಇಂಚು, ಒಂದೂವರೆ ಮೊಳ. ಬಟ್ಟೆಯ ಸಹಜ ಅಂಚು ಸಿಕ್ಕರೆ ಅದು 27 ಇಂಚಿನ ಕಡೆಗೆ ಬರಲಿ, ಮುಖದ ಸುತ್ತ ಅದೇ ಇರುತ್ತದೆ. ಸಿಗದಿದ್ದರೆ ಆ ಅಂಚನ್ನು ಸಣ್ಣದಾಗಿ ಎರಡು ಮಡಿಕೆ ಮಡಿಸಿ ಹೊಲಿ. ಆಮೇಲೆ ಬಟ್ಟೆಯನ್ನು ಉದ್ದಕ್ಕೆ ಮಡಿಸು: 9 ಇಂಚು ಅಗಲ, 27 ಇಂಚು ಉದ್ದ. ಇಲ್ಲಿ ನಿಲ್ಲು. ಹೊಲಿಯುವ ಮೊದಲು ಮಡಿಸಿದ್ದನ್ನು ಕೂಸಿನ ತಲೆಯ ಮೇಲೆ ಒಮ್ಮೆ ಇಟ್ಟು ನೋಡು. ಹಣೆಯಿಂದ ಹಿಂದಲೆಗೆ ಎಷ್ಟು ಬೇಕು, ನೆತ್ತಿಯಿಂದ ಕುತ್ತಿಗೆಗೆ ಎಷ್ಟು ಬೇಕು ಎಂಬುದನ್ನು ಟೇಪು ಹೇಳುವುದಕ್ಕಿಂತ ಚೆನ್ನಾಗಿ ಆ ಮಡಿಕೆ ಹೇಳುತ್ತದೆ. ಲೈನಿನಲ್ಲಿ ನಿನಗೆ ಈ ಅವಕಾಶವಿಲ್ಲ. ಅಲ್ಲಿ ಅಳತೆ ಕಾಗದದ ಮೇಲೆ ಬರುತ್ತದೆ, ತೊಡುವವರ ಮುಖವನ್ನು ನೀನು ಕಾಣುವುದಿಲ್ಲ. ಇಲ್ಲಿ ಕಾಣುತ್ತೀಯೆ. ಇಡೀ ಉಡುಪು ಕಲಿಯುವುದೆಂದರೆ ಮೊದಲಿಗೆ ಇದೇ.

ಈಗ ಮೇಲಿನ 9 ಇಂಚಿನ ಅಂಚನ್ನು ಸೇರಿಸು. ಓವರ್‌ಲಾಕ್ ಬೇಡ, ಅದರ ಗಂಟುಗಂಟಾದ ದಾರ ಎಳೆ ನೆತ್ತಿಗೆ ಒತ್ತುತ್ತದೆ. ಮೊದಲು ಬಟ್ಟೆಯ ಒಳಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು ಕಾಲಿಂಚಿನಲ್ಲಿ ಹೊಲಿ. ಬಟ್ಟೆ ತಿರುವಿ, ಅದೇ ಹೊಲಿಗೆಯನ್ನು ಒಳಗೆ ಬಚ್ಚಿಟ್ಟು ಇನ್ನೊಂದು ಹೊಲಿಗೆ ಹಾಕು. ಎಳೆ ಎಲ್ಲೂ ಹೊರಗೆ ಕಾಣುವುದಿಲ್ಲ, ಉಗುರಿಗೆ ಸಿಕ್ಕಿಕೊಳ್ಳುವುದಿಲ್ಲ. ಹಿಂದಲೆಯ ಮೂಲೆ ಚೂಪಾಗಿ ನಿಂತಿರುತ್ತದೆ. ಅದನ್ನು ಒಳಗಿನಿಂದ ಚಪ್ಪಟೆ ಮಾಡಿ, ತುದಿಯಿಂದ ಒಂದೂವರೆ ಇಂಚು ಬಿಟ್ಟು ಅಡ್ಡಕ್ಕೆ ಒಂದು ಹೊಲಿಗೆ ಹಾಕಿದರೆ ತಲೆಯ ದುಂಡಿಗೆ ಹೊಂದುತ್ತದೆ. ಆ ಮೂಲೆಯನ್ನೂ ಕತ್ತರಿಸಬೇಡ, ಮಡಿಸಿ ಎರಡು ಕೈಹೊಲಿಗೆ ಹಾಕಿ ಒಳಗೇ ಬಿಡು. ಕೂಸು ಬೆಳೆದಾಗ ಬಿಚ್ಚಿದರೆ ಜಾಗ ಸಿಗುತ್ತದೆ. ಕೆಳಗಿನ ಅಂಚು ಮಡಿಸಿ ಹೊಲಿ. ಕೊನೆಗೆ ಮೇಲಿನಿಂದ 8 ಇಂಚು ಇಳಿದ ಕಡೆ, ಕುತ್ತಿಗೆಯ ಎರಡೂ ಪಕ್ಕಕ್ಕೆ ಎರಡೆರಡು ಸಣ್ಣ ನೆರಿಗೆ ಹಿಡಿ. ಕೆಳಗಿನ ಬಟ್ಟೆ ಬೆನ್ನಿನ ಮೇಲೆ ಹರಡಿ ಬೀಳುತ್ತದೆ.

ಕಸೆಯ ವಿಷಯದಲ್ಲಿ ಮಾತ್ರ ಹಳಬರ ದಾರಿ ಬಿಡು ಎನ್ನುತ್ತೇನೆ. ಗದ್ದದ ಕೆಳಗೆ ಉದ್ದ ದಾರ ಕಟ್ಟುವುದು ಹಿಂದಿನ ರೂಢಿ. ಅದು ತೊಟ್ಟಿಲಿಗೋ ಕಿಟಕಿಗೋ ಸಿಕ್ಕಿಕೊಂಡರೆ ಕೂಸಿನ ಕುತ್ತಿಗೆ ಬಿಗಿಯುತ್ತದೆ. ಮಕ್ಕಳ ಮೇಲುಡುಪಿನ ಟೋಪಿಗೆ, ಕುತ್ತಿಗೆಗೆ ಎಳೆದಾರ ಬೇಡವೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲೇ ಮಾರ್ಗಸೂಚಿ ಹೊರಡಿಸಿತು. ಯುರೋಪಿನಲ್ಲೂ ಸಣ್ಣ ಮಕ್ಕಳ ಬಟ್ಟೆಗೆ ಅಂಥ ನಿಯಮವಿದೆ. ರಫ್ತಿನ ಆರ್ಡರಿನಲ್ಲಿ ಮಕ್ಕಳ ಜಾಕೆಟ್ಟಿಗೆ ದಾರ ಇರುವುದಿಲ್ಲ ಎಂಬುದಕ್ಕೆ ಕಾರಣ ಇದು. ದೂರದ ಮಕ್ಕಳಿಗೆ ಸಿಕ್ಕ ಕಾಳಜಿ ನಮ್ಮ ಮನೆಯ ಕೂಸಿಗೂ ಸಿಗಲಿ. ಗದ್ದದ ಕೆಳಗೆ ಎಳೆದರೆ ತಾನೇ ಬಿಟ್ಟುಕೊಳ್ಳುವ ವೆಲ್‌ಕ್ರೋ ತುಂಡು ಇಡು, ಅದರ ಒರಟು ಮೈ ಚರ್ಮಕ್ಕೆ ತಾಗದಂತೆ. ಗೆಜ್ಜೆ, ಮಣಿ, ಕನ್ನಡಿ ಚೂರು ಕಿತ್ತುಬಂದರೆ ಬಾಯಿಗೆ ಹೋಗುತ್ತವೆ; ಅಲಂಕಾರ ಬೇಕಿದ್ದರೆ ದಾರದಲ್ಲೇ ಕಸೂತಿ ಹಾಕು. ಮಲಗಿಸುವಾಗ ಕುಂಚಿಗೆ ತೆಗೆದುಬಿಡು. ಬೇಸಿಗೆಯಲ್ಲಿ, ಮನೆಯೊಳಗೆ, ಸಂಪ್ರದಾಯವೆಂದು ತಲೆ ಮುಚ್ಚಿ ಕೂಸನ್ನು ಬೇಯಿಸಬೇಡ.

ಇಷ್ಟು ಕೈಗೆ ಬಂದ ಮೇಲೆ ಅದೇ ಮಡಿಕೆಯನ್ನು ದೊಡ್ಡದು ಮಾಡು. ಶಾಲೆಗೆ ಹೋಗುವ ಹುಡುಗಿಗೆ, ನಸುಕಿನಲ್ಲಿ ಗುಲಾಬಿ ಬಿಡಿಸುವ ಅಕ್ಕನಿಗೆ, ಕಾವಲು ಕೂರುವ ಮಾವನಿಗೆ ಯಾವ ಅಳತೆ, ಯಾವ ಬಟ್ಟೆ ಎಂದು ನೀನೇ ಯೋಚಿಸು. ಹೂ ಬಿಡಿಸುವವಳಿಗೆ ಮುಂದೆ ತೆರೆದಿರಬೇಕು, ಮುಳ್ಳಿಗೆ ಸಿಕ್ಕಬಾರದು. ಕಾವಲಿನವನಿಗೆ ಕಿವಿ ತೀರಾ ಮುಚ್ಚಬಾರದು, ಆನೆ ಕೊಂಬೆ ಮುರಿಯುವ ಸದ್ದು ಕೇಳಿಸಬೇಕು. ಹೀಗೆ ತೊಡುವವರ ಕೆಲಸ ನೋಡಿ ಹೊಲಿಯುವುದು ಬಂದ ದಿನ ನೀನು ಪೂರ್ತಿ ಹೊಲಿಗೆಯವಳು. ಆಗ ಬ್ಲೌಸಾಗಲಿ, ಕೋಟಾಗಲಿ, ಯಾವುದೂ ಕಷ್ಟವಲ್ಲ. ಲೈನಿನಲ್ಲಿ ನಿನ್ನ ಕೈಗೆ ಬಂದ ತುಂಡನ್ನು ಯಾಕೆ ಹಾಗೆ ಕತ್ತರಿಸಿದ್ದಾರೆ ಎಂಬುದೂ ಅರ್ಥವಾಗುತ್ತದೆ, ಸ್ಯಾಂಪಲ್ ಹೊಲಿಯುವ ಕೆಲಸಕ್ಕೆ ಕೇಳುವ ಧೈರ್ಯವೂ ಬರುತ್ತದೆ.

ಹೊಲಿದದ್ದನ್ನು ಮಾರುವ ದಿನ ಬಂದರೆ ಅಗ್ಗಕ್ಕೆ ಕೊಡಬೇಡ. ಬಟ್ಟೆ, ದಾರದ ಜೊತೆಗೆ ನಿನ್ನ ಹೊತ್ತಿಗೂ ಬೆಲೆ ಹಾಕು. ಹಾಗೆಯೇ ಕಂಬಳಿ ಕೊಳ್ಳುವಾಗ ನೇಯ್ದವನ ಹತ್ತಿರ ಚೌಕಾಸಿ ಮಾಡಬೇಡ. ಕುರಿಯನ್ನು ಈಗ ಮಾಂಸಕ್ಕೆಂದೇ ಸಾಕುತ್ತಾರೆ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಉಣ್ಣೆ ತಿಪ್ಪೆಗೆ ಹೋಗುತ್ತಿದೆ. ನೇಯುವವನ ಮಗ ಮಗ್ಗದ ಗುಣಿ ಮುಚ್ಚಿ ಕಾರ್ಖಾನೆಗೆ ಹೋದರೆ ಅವನನ್ನು ದೂರುವಂತಿಲ್ಲ. ಕೊಳ್ಳುವ ನಾವು ಸರಿಯಾದ ಬೆಲೆ ಕೊಟ್ಟರೆ ಮಾತ್ರ ಆ ಮಗ್ಗಕ್ಕೆ ಇನ್ನೊಂದು ತಲೆಮಾರು.

ಬರುವ ವಾರದ ರಜೆಯಲ್ಲಿ ನಿನ್ನ ಊರಿನಲ್ಲಿ ಕಂಬಳಿ ನೇಯುವ, ಕೊಪ್ಪೆ ಕಟ್ಟುವ, ಕುಂಚಿಗೆ ಹೊಲಿಯುವ ಹಿರಿಯರು ಯಾರಿದ್ದಾರೆ ಎಂದು ವಿಚಾರಿಸು. ಬರಿಗೈಲಿ ಹೋಗಬೇಡ, ಎಲೆ ಅಡಿಕೆ ತೆಗೆದುಕೊಂಡು ಹೋಗು. ಅವರ ಕೈ ನೋಡುತ್ತಾ ಒಂದು ಮಡಿಕೆ ಕಲಿ, ಕಲಿತದ್ದನ್ನು ಅಳತೆ ಸಮೇತ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡು, ನಿನ್ನ ಪಕ್ಕದ ಮಿಷನ್ನಿನಲ್ಲಿ ಕೂರುವ ಹುಡುಗಿಗೆ ಕಲಿಸು. ಅವಳು ತಮಿಳಿನವಳಾಗಲಿ, ಒಡಿಶಾದಿಂದ ಬಂದವಳಾಗಲಿ, ಮಡಿಕೆ ಕಲಿಸಲು ಭಾಷೆ ಅಡ್ಡ ಬರುವುದಿಲ್ಲ. ಅವಳ ಊರಿನಲ್ಲಿ ಕೂಸಿಗೆ ಏನು ಹೊದಿಸುತ್ತಾರೆ ಎಂದು ಕೇಳಿ ನೀನೂ ಕಲಿ. ನಿನಗೆ ಒಳ್ಳೆಯದಾಗಲಿ, ಮಗಳೇ.